ಡ್ಯಾಂ ದಾಟಿದ ನೀರೇಕೆ ತಿಳಿ?

ಮಳೆಗಾಲದಲ್ಲಿ ಆಲಮಟ್ಟಿಗೆ ರಾಡಿಯಾಗಿ ಬರುವ ಕೃಷ್ಣೆ, ಆಮೇಲೆ ಡ್ಯಾಂ ಕೆಳಗೆ ತಿಳಿಯಾಗಿ ಹರಿಯುವುದು ಹೇಗೆ? ಇದು ನದಿಗೆ ಒಳ್ಳೆಯದೇ?
– ಓದುಗರೊಬ್ಬರು, ಬಸವನ ಬಾಗೇವಾಡಿ

ಮಣ್ಣನ್ನು ಹೊತ್ತು ತರುವುದು ನೀರಿನ ವೇಗ. ಆಲಮಟ್ಟಿಯಲ್ಲಿ 519.60 ಮೀಟರ್ ಮಟ್ಟದವರೆಗೆ ನೀರು ನಿಂತಾಗ ಆ ವೇಗ ಉಡುಗಿಹೋಗುತ್ತದೆ. ಹೊಳೆಯ ಹೊಸ ನೀರು ತುಂಬಿದ ಕೊಡವನ್ನು ರಾತ್ರಿಯಿಡೀ ಅಲುಗಿಸದೆ ಇಟ್ಟರೆ ಬೆಳಿಗ್ಗೆ ತಳದಲ್ಲಿ ರಾಡಿ, ಮೇಲೆ ತಿಳಿನೀರು ಇರುತ್ತದಲ್ಲ, ಜಲಾಶಯದಲ್ಲಿ ಆಗುವುದೂ ಅದೇ. ತೂಕದ ಮರಳು ಹಿನ್ನೀರಿನ ಆರಂಭದಲ್ಲೇ ಕೂರುತ್ತದೆ. ನುಣ್ಣನೆಯ ಮಣ್ಣು ಅಣೆಕಟ್ಟಿನ ಹತ್ತಿರದವರೆಗೂ ಬಂದು ಹೂಳಾಗುತ್ತದೆ.

ಒಳ್ಳೆಯದು ಎನ್ನಲಾರೆ. ಹೊರೆ ಇಳಿಸಿದ ನೀರಿಗೆ ಕೊರೆಯುವ ಶಕ್ತಿ ಹೆಚ್ಚು. ಅದು ಕೆಳಗಿನ ಪಾತ್ರದ ಮರಳನ್ನು ಎತ್ತಿಕೊಂಡು ಹೋಗುತ್ತದೆ, ಮೇಲಿನಿಂದ ಬದಲಿ ಮರಳು ಬರುವುದಿಲ್ಲ. ಕೊನೆಗೆ ಬಂಡೆ ಹೊರಬೀಳುತ್ತದೆ. ಮರಳುದಿಣ್ಣೆಯಲ್ಲಿ ಮೊಟ್ಟೆಯಿಡುವ ಆಮೆಗೂ ರೀವಕ್ಕಿಗೂ ನೆಲೆ ತಪ್ಪುತ್ತದೆ. ಮೊಟ್ಟೆಯಿಡಲು ಎದುರು ಈಜುವ ಮೀನಿಗಂತೂ ಗೋಡೆಯೇ ಅಡ್ಡ. ಅಳಿದುಳಿದ ಮಣ್ಣನ್ನು ಮುದ್ದೇಬಿಹಾಳದಾಚೆ ನಾರಾಯಣಪುರದ ಬಸವಸಾಗರ ಜಲಾಶಯ ಮತ್ತೆ ತಡೆಯುತ್ತದೆ. ಹಿನ್ನೀರಿನ ಆಳವಿಲ್ಲದ ಅಂಚಿಗೆ ರಾಜಹಂಸಗಳು ಬರುತ್ತವೆ, ನಿಜ; ಅವು ನಿಂತ ನೀರಿನ ಹಕ್ಕಿಗಳು.

ಇಂಡಿ, ಸಿಂದಗಿಯ ಭೀಮೆಗೂ ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟು ಇದೆ, ಅಲ್ಲಿಯ ಮರಳಿನ ಕಥೆಯೂ ಇದೇ. ಉಳಿದ ಮರಳನ್ನಾದರೂ ಟಿಪ್ಪರಿಗೆ ತುಂಬಬೇಡಿ, ನದಿ ಅದನ್ನು ಮತ್ತೆ ತಂದುಕೊಡಲಾರದು.