ಹಬ್ಬದ ಮಾತಲ್ಲ, ಹಬ್ಬಿನ ಮಾತು

ನಮ್ಮ ಸಂಘದ ಪತ್ರಿಕೆಯಲ್ಲಿ ಹಬ್ಬಗಳ ಬಗ್ಗೆ ಬೇಕಾದಷ್ಟು ಬಂದಿದೆ. ಯುಗಾದಿ, ಗೌರಿ-ಗಣೇಶ, ದೀಪಾವಳಿ, ರಾಜ್ಯೋತ್ಸವ... ನಾನೀಗ ಹೇಳಹೊರಟಿರುವುದು ಬೇರೊಂದು 'ಹಬ್ಬಿ'ನ ವಿಷಯ. ಹಳೆಯ ಫೋರ್-ವೀಲ್ ಡ್ರೈವ್ ಗಾಡಿಗಳ ಮುಂದಿನ ಚಕ್ರದ ನಟ್ಟನಡುವೆ ಕೂತಿರುತ್ತದಲ್ಲ, ಆ ಲಾಕಿಂಗ್ ಹಬ್! ಅಡುಗೆ, ಸಂಗೀತ, ಪ್ರವಾಸದ ನಡುವೆ ಇದೇನಪ್ಪಾ ಗ್ಯಾರೇಜಿನ ಪುರಾಣ ಎಂದು ಮೂಗು ಮುರಿಯಬೇಡಿ. ಬೇ ಏರಿಯಾದಲ್ಲಿ ಡಿಸೆಂಬರ್ ಬಂತೆಂದರೆ ಊರಿನಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವಂದಿರಿಗೆ ಹಿಮ ತೋರಿಸಲು ಲೇಕ್ ಟಾಹೋ ಕಡೆ ಹೊರಡುವವರು ನಮ್ಮಲ್ಲಿ ಬಹಳ ಮಂದಿ. ಅವರಲ್ಲಿ ಕೆಲವರ ಬಳಿಯಾದರೂ ಕ್ಯಾಂಪಿಂಗ್ ಆಸೆಗೆ ಅಗ್ಗದಲ್ಲಿ ಕೊಂಡ ಹಳೆಯ ಎಸ್‌ಯುವಿಯೋ, ಪಿಕಪ್ಪೋ ಇದೆ. ಈ ಬರಹ ಅವರಿಗೆ.

ನಮ್ಮ ಗಾಡಿ 1990ರ ದಶಕದ್ದು. ಕಂಪನಿಯ ಹೆಸರು ಬೇಡ, ಆ ಕಾಲದ ಎಷ್ಟೋ ಗಾಡಿಗಳಲ್ಲಿ ಇದೇ ಏರ್ಪಾಡು ಇತ್ತು. ಮುಂದಿನ ಚಕ್ರಗಳಿಗೆ ಆಟೋಮ್ಯಾಟಿಕ್ ಹಬ್. ಲಿವರ್ ಎಳೆದರೆ ಸಾಕು, ಹಬ್ ತಾನಾಗಿಯೇ ಲಾಕ್ ಆಗುತ್ತದೆ ಎನ್ನುವುದು ಅದರ ಹೆಗ್ಗಳಿಕೆ. ಸೋಡಾ ಸ್ಪ್ರಿಂಗ್ಸ್ ಹತ್ತಿರ ಬಾಡಿಗೆಗೆ ಹಿಡಿದಿದ್ದ ಕ್ಯಾಬಿನ್ನಿನಿಂದ ಹೊರಡುವ ದಿನ ರಾತ್ರಿಯಿಡೀ ಹಿಮ ಬಿದ್ದಿತ್ತು. ಗಾಡಿಯಲ್ಲಿ ಮಾವ, ಅತ್ತೆ, ಏಳು ವರ್ಷದ ಮಗ. ಲಿವರನ್ನು ಫೋರ್ ಹೈಗೆ ಎಳೆದೆ, ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪ ಹತ್ತಿತು. ಹಿಂದಿನ ಚಕ್ರಗಳು ಹಿಮ ಅಗೆಯತೊಡಗಿದವು, ಗಾಡಿ ಮಾತ್ರ ಇದ್ದಲ್ಲೇ. ಹೊರಗೆ ನಿಂತಿದ್ದ ನನ್ನಾಕೆ ಕೂಗಿದಳು, "ರೀ, ಮುಂದಿನ ಚಕ್ರ ಎರಡೂ ಸುಮ್ಮನೆ ನಿಂತಿವೆ!" ಮಾವನವರು ದೀಪದ ಕಡೆ ಬೆರಳು ತೋರಿಸಿ, "ಇದು ಉರೀತಾ ಇದೆಯಲ್ಲ ಅಳಿಯಂದ್ರೇ?" ಎಂದರು. ಡಿಕ್ಕಿಯಲ್ಲಿದ್ದ ಚೈನನ್ನು ಹಿಂದಿನ ಚಕ್ರಗಳಿಗೆ ಕಟ್ಟಿ ನಿಧಾನವಾಗಿ ಮುಖ್ಯರಸ್ತೆಗೆ ಬಂದೆವು.

ಮನೆಗೆ ಬಂದು ಜ್ಯಾಕ್ ಕೊಟ್ಟು ನೋಡಿದರೆ ಎಡಗಡೆಯ ಹಬ್ ಕಚ್ಚಿಕೊಳ್ಳುತ್ತಲೇ ಇರಲಿಲ್ಲ. ಒಳಗಿನ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು. ಬಲಗಡೆಯದು ಸರಿಯಾಗಿಯೇ ಇತ್ತು. ಹಾಗಾದರೆ ಬಲಚಕ್ರವಾದರೂ ತಿರುಗಬೇಕಿತ್ತಲ್ಲ ಎನ್ನುತ್ತೀರಾ? ಇಲ್ಲೇ ಇರುವುದು ಗುಟ್ಟು.

ಇಂಥ ಗಾಡಿಗಳಲ್ಲಿ ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವುದು ಟ್ರಾನ್ಸ್‌ಫರ್ ಕೇಸ್. ಅಲ್ಲಿಂದ ಮುಂದಿನ ಡಿಫರೆನ್ಷಿಯಲ್‌ಗೆ, ಅಲ್ಲಿಂದ ಎಡ-ಬಲದ ಆಕ್ಸಲ್ ಶಾಫ್ಟುಗಳಿಗೆ. ಶಾಫ್ಟಿನ ತುದಿಯನ್ನು ಚಕ್ರಕ್ಕೆ ಜೋಡಿಸುವ ಅಥವಾ ಬಿಡಿಸುವ ಕೊಂಡಿಯೇ ಹಬ್. ಸಾಮಾನ್ಯ ಡಿಫರೆನ್ಷಿಯಲ್‌ನ ಗುಣ ನೀರಿನ ಹಾಗೆ, ಯಾವ ಕಡೆ ಸುಲಭವೋ ಆ ಕಡೆ ಹರಿಯುತ್ತದೆ. ಒಂದು ಹಬ್ ಬಿಟ್ಟುಕೊಂಡಿದ್ದರೆ ಆ ಕಡೆಯ ಶಾಫ್ಟ್ ಯಾವ ಭಾರವೂ ಇಲ್ಲದೆ ಗಿರಗಿರನೆ ಸುತ್ತುತ್ತದೆ, ಇನ್ನೊಂದು ಚಕ್ರಕ್ಕೆ ಏನೂ ಸಿಗುವುದಿಲ್ಲ. ಅಂದರೆ ಒಂದು ಹಬ್ ಕೈಕೊಟ್ಟರೂ ನಿಮ್ಮದು ಟೂ-ವೀಲ್ ಡ್ರೈವ್ ಗಾಡಿಯೇ. ಆ ಹಸಿರು ದೀಪ? ಸಾಮಾನ್ಯವಾಗಿ ಅದರ ಸ್ವಿಚ್ ಇರುವುದು ಟ್ರಾನ್ಸ್‌ಫರ್ ಕೇಸಿನಲ್ಲಿ. ಹಬ್ಬುಗಳ ಸ್ಥಿತಿ ಅದಕ್ಕೆ ಗೊತ್ತೇ ಇಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಒಂದು ಫಂಕ್ಷನ್ ಕರೆದಿದ್ದೇವೆ ಎಂಬ ಲಾಗ್ ಇದೆ, ಅದು ಏನು ಉತ್ತರ ಕೊಟ್ಟಿತೋ ಯಾರೂ ನೋಡಿಲ್ಲ!

ಹಬ್ಬಿನ ಇತಿಹಾಸವೂ ಸ್ವಾರಸ್ಯವಾಗಿದೆ. ಎರಡನೇ ಮಹಾಯುದ್ಧದ ಜೀಪುಗಳಲ್ಲಿ ಮುಂದಿನ ಆಕ್ಸಲ್ ಸದಾ ಚಕ್ರದೊಡನೆ ಸುತ್ತುತ್ತಲೇ ಇತ್ತು. ಯುದ್ಧ ಮುಗಿದು ಮಿಕ್ಕ ಜೀಪುಗಳು ಜನಸಾಮಾನ್ಯರ ಕೈಗೆ ಬಂದಾಗ, ಹೆದ್ದಾರಿಯಲ್ಲಿ ಇದು ಸುಮ್ಮನೆ ಸವೆತ, ಸದ್ದು. 1948ರಲ್ಲಿ ಆರ್ಥರ್ ವಾರ್ನ್ ಎಂಬುವರು ವಾಷಿಂಗ್ಟನ್ ರಾಜ್ಯದಲ್ಲಿ ಕಂಪನಿ ಕಟ್ಟಿದ್ದೇ ಇಂಥ ಜೀಪುಗಳಿಗೆ ಹಬ್ ಮಾಡಿ ಮಾರಲು. ಇಂದು ಆ ಹೆಸರು ಕೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ವಿಂಚ್. ನಮ್ಮ ಕಡೆಯವರಿಗೂ ಇದು ಹೊಸದಲ್ಲ. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಮುಂದಿನ ಚಕ್ರದ ನಡುವೆ 'ಫ್ರೀ', 'ಲಾಕ್' ಎಂದು ಬರೆದ ಬಿಲ್ಲೆ ನೋಡಿದವರಿರಬಹುದು. ನಮ್ಮ ಮಾವನವರು ಸಕಲೇಶಪುರದ ಕಡೆಯವರು. ನಾನು ಹಬ್ ಬಿಚ್ಚಿ ಗ್ಯಾರೇಜಿನಲ್ಲಿ ಹರಡಿಕೊಂಡು ಕೂತಿದ್ದಾಗ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು, "ತೋಟದ ಜೀಪಲ್ಲಿ ಮಳೆಗಾಲ ಹಿಡೀತು ಅಂದ್ರೆ ಒಂದ್ಸಲ ಕೈಯಲ್ಲೇ ತಿರುಗಿಸಿ ಬಿಡ್ತಿದ್ವಿ, ಮತ್ತೆ ಬಿಚ್ತಿದ್ದದ್ದು ದೀಪಾವಳಿಗೇ" ಎಂದರು. ಹಬ್ಬಕ್ಕೂ ಹಬ್ಬಿಗೂ ನಂಟು ಇದೆ ನೋಡಿ!

ಈಗ ಆಯ್ಕೆಯ ಮಾತು. ಕೆಟ್ಟ ಆಟೋಮ್ಯಾಟಿಕ್ ಹಬ್ಬನ್ನು ಬಿಚ್ಚಿ ತೊಳೆದು ಮತ್ತೆ ಹಾಕಬಹುದು. ಹಣದಲ್ಲಿ ಅದೇ ಅಗ್ಗ. ಆದರೆ ಅದರ ಕೆಲಸವೇ ತಿಕ್ಕಾಟವನ್ನು ನಂಬಿಕೊಂಡಿದೆ. ಶಾಫ್ಟ್ ತಿರುಗಿದಾಗ ಒಳಗಿನ ಕ್ಯಾಮ್ ಒಂದು ಉಂಗುರವನ್ನು ತಳ್ಳಿ ಲಾಕ್ ಮಾಡಬೇಕು, ಅದಕ್ಕೆ ಒಂದು ಸಣ್ಣ ಬ್ರೇಕ್ ಎದುರು ಹಿಡಿದಿರಬೇಕು. ಬಿಡಿಸಲು ಲಿವರನ್ನು ಟೂ ಹೈಗೆ ತಂದು ಕೆಲವು ಅಡಿ ಹಿಂದಕ್ಕೆ ಓಡಿಸಬೇಕು. ಕೆಲವು ವಿನ್ಯಾಸಗಳಲ್ಲಿ ಇಳಿಜಾರಿನಲ್ಲಿ ಕಾಲು ತೆಗೆದು ಎಂಜಿನ್ ಬ್ರೇಕಿಂಗ್ ಮೇಲೆ ಬರುವಾಗ ಬಲದ ದಿಕ್ಕು ಬದಲಾಗಿ ಹಬ್ ಒಂದು ಕ್ಷಣ ಬಿಟ್ಟುಕೊಂಡು ಮತ್ತೆ ಕಚ್ಚುತ್ತದೆ. ಹಿಮದ ಇಳಿಜಾರಿನಲ್ಲಿ ಮನೆಮಂದಿಯೆಲ್ಲ ಕೂತಿರುವಾಗ ನನಗೆ ಬೇಡವಾದದ್ದು ಅದೇ. ಮ್ಯಾನುಯಲ್ ಹಬ್ಬಿನಲ್ಲಿ ಇಂಥ ಜಾಣತನ ಯಾವುದೂ ಇಲ್ಲ. ಬಿಲ್ಲೆ ತಿರುಗಿಸಿದರೆ ಸ್ಪ್ರಿಂಗ್ ಒಂದು ಹಲ್ಲಿನ ಉಂಗುರವನ್ನು ಒಳಕ್ಕೆ ತಳ್ಳುತ್ತದೆ, ಅಷ್ಟೇ. ಮುಂದಕ್ಕೆ ಹೋದರೂ ಹಿಂದಕ್ಕೆ ಬಂದರೂ ಅದು ಅಲ್ಲೇ. ಮುಖ್ಯವಾಗಿ, ಗುರುತು ಕಣ್ಣಿಗೆ ಕಾಣುತ್ತದೆ. ಹಿಮದಲ್ಲಿ ಕೆಳಗಿಳಿದು ಎರಡು ಕಡೆ ಬಗ್ಗಬೇಕಾದ ಕಷ್ಟಕ್ಕೆ ಈ ಲಾಭ ಸಾಕು ಎನ್ನಿಸಿ ನಾನು ಮ್ಯಾನುಯಲ್ ಕಡೆಗೇ ಹೋದೆ. ಜೋಡಿಗೆ ಕೆಲವು ನೂರು ಡಾಲರ್ ಆಯಿತು.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬ್ರಾಂಡಲ್ಲ, ಅಳತೆ. ಶಾಫ್ಟಿನ ತುದಿಯಲ್ಲಿ ಎಷ್ಟು ಸ್ಪ್ಲೈನ್ ಗೀರುಗಳಿವೆ, ಹಬ್ ಎಷ್ಟು ಬೋಲ್ಟಿನದು ಎನ್ನುವುದು ಗಾಡಿಯಿಂದ ಗಾಡಿಗೆ, ಒಂದೇ ಗಾಡಿಯಲ್ಲೂ ವರ್ಷದಿಂದ ವರ್ಷಕ್ಕೆ ಬೇರೆ. 1979ರಿಂದ 85ರ ಟೊಯೋಟಾ ಪಿಕಪ್ಪಿನಲ್ಲಿ 27 ಗೀರು, ಆರು ಸ್ಟಡ್. ಜೀಪ್ ಸಿಜೆಗಳಲ್ಲಿ ಆರು ಬೋಲ್ಟಿನವೂ ಇವೆ, ಆಮೇಲೆ ಬಂದ ಐದು ಬೋಲ್ಟಿನವೂ ಇವೆ. ಆದ್ದರಿಂದ ಹಳೆಯದನ್ನು ಬಿಚ್ಚಿ ಎಣಿಸಿದ ಮೇಲೆಯೇ ಆರ್ಡರ್ ಮಾಡುವುದು ವಾಸಿ. ಗುಜರಿಯಿಂದ ತರುವುದಾದರೆ ಹಳೆಯ ಹಬ್ಬನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.

ವಾರ್ನ್, ಐಸಿನ್, ಎವಿಎಂ, ಮೈಲ್ ಮಾರ್ಕರ್ ಎಂಬ ಹೆಸರುಗಳು ಸಿಗುತ್ತವೆ. ಜಪಾನಿನ ಎಷ್ಟೋ ಗಾಡಿಗಳಿಗೆ ಕಾರ್ಖಾನೆಯಿಂದಲೇ ಬಂದದ್ದು ಐಸಿನ್. ನಾನಾದರೆ ಬಿಲ್ಲೆ ಪ್ಲಾಸ್ಟಿಕ್ಕಿನದೋ ಲೋಹದ್ದೋ ಎಂದು ಮೊದಲು ನೋಡುತ್ತೇನೆ. ಚಳಿಯಲ್ಲಿ ಮರಗಟ್ಟಿದ ಬೆರಳಿನಿಂದ ಜೋರಾಗಿ ತಿರುಗಿಸುವ ಪ್ಲಾಸ್ಟಿಕ್ ಎಷ್ಟು ವರ್ಷ ತಡೆದೀತು? ಮ್ಯಾನುಯಲ್ ಹಬ್ ಹೊರಕ್ಕೆ ಹೆಚ್ಚು ಚಾಚಿರಬಹುದು, ಅಲಾಯ್ ಚಕ್ರದ ನಡುವಿನ ತೂತಿನಲ್ಲಿ ಅದು ತೂರುತ್ತದೆಯೇ ಎಂದೂ ಅಳೆದುಕೊಳ್ಳಿ. ರೂಬಿಕಾನ್ ಟ್ರೇಲಿನಲ್ಲಿ ಬಂಡೆ ಹತ್ತುವವರಿಗೆ ಬೇಕಾದ ದುಬಾರಿ ಉಕ್ಕಿನ ಹಬ್ ನಮಗೆ ಬೇಕಿಲ್ಲ. ಹಬ್ ಕೊಂಚ ದುರ್ಬಲವಾಗಿದ್ದರೆ ಒಳ್ಳೆಯದೇ ಎನ್ನುವವರೂ ಇದ್ದಾರೆ. ಜೋರು ಬಿದ್ದಾಗ ಮನೆಯ ಫ್ಯೂಸಿನಂತೆ ಮೊದಲು ಅದು ಹೋಗುತ್ತದೆ, ಒಳಗಿನ ಆಕ್ಸಲ್ ಉಳಿಯುತ್ತದೆ.

ಆಟೋಮ್ಯಾಟಿಕ್‌ನಿಂದ ಮ್ಯಾನುಯಲ್‌ಗೆ ಬದಲಿಸುವಾಗ ಒಂದು ಎಚ್ಚರ. ಹಳೆಯದರ ಬ್ರೇಕ್ ತುಂಡುಗಳನ್ನು ತೆಗೆಯಬೇಕು, ಅನೇಕ ಗಾಡಿಗಳಲ್ಲಿ ಚಕ್ರದ ಬೇರಿಂಗನ್ನು ಹಿಡಿದಿರುವ ನಟ್ಟೇ ಬೇರೆ. ಆ ನಟ್ ಬಿಚ್ಚಿದ ಮೇಲೆ ಬೇರಿಂಗಿನ ಬಿಗಿಯನ್ನು ಪುಸ್ತಕದಲ್ಲಿ ಹೇಳಿದ ಹಾಗೇ ಕೂರಿಸಬೇಕು. ಸಡಿಲವಾದರೂ ಅಪಾಯ, ಬಿಗಿಯಾದರೂ ಬೇರಿಂಗ್ ಸುಟ್ಟೀತು. ಟಾರ್ಕ್ ರೆಂಚ್ ಹಿಡಿದು ಅಭ್ಯಾಸವಿಲ್ಲದವರು ಇಷ್ಟನ್ನು ಮೆಕ್ಯಾನಿಕ್‌ಗೆ ಬಿಡಿ. ಬೇರಿಂಗಿಗೆ ತುಂಬಿದ ಹಾಗೆ ಹಬ್ಬಿನೊಳಗೂ ಗ್ರೀಸ್ ತುರುಕಬೇಡಿ, ತೆಳ್ಳಗೆ ಸವರಿದರೆ ಸಾಕು.

ಇನ್ನು ಬಳಸುವುದು. ಲಾಕ್ ಮಾಡಿಕೊಂಡು ಒಣರಸ್ತೆಯಲ್ಲಿ ಓಡಿಸಿದರೆ ಗಾಡಿ ಹಾಳಾಗುತ್ತದೆ ಎಂದು ಸ್ನೇಹಿತರೊಬ್ಬರು ವಾದಿಸಿದರು. ಹಾಗಲ್ಲ. ಹಬ್ ಲಾಕ್ ಆಗಿದ್ದೂ ಲಿವರ್ ಟೂ ಹೈನಲ್ಲಿದ್ದರೆ ಮುಂದಿನ ಶಾಫ್ಟುಗಳು ಸುಮ್ಮನೆ ಸುತ್ತುತ್ತವೆ, ಸ್ವಲ್ಪ ಪೆಟ್ರೋಲು ಹೆಚ್ಚು ಹೋದೀತು. ಒಣರಸ್ತೆಯಲ್ಲಿ ಮಾಡಬಾರದ್ದು ಫೋರ್ ಹೈ. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಬೇರೆ ಬೇರೆ ದೂರ ಸಾಗಬೇಕು, ಟ್ರಾನ್ಸ್‌ಫರ್ ಕೇಸ್ ಅದಕ್ಕೆ ಅವಕಾಶ ಕೊಡುವುದಿಲ್ಲ, ಒಳಗೆ ಎಳೆದಾಟ ಶುರು. ಆದ್ದರಿಂದ ಹೈವೇ 80ರಲ್ಲಿ ಹೋಗುವಾಗ ನಾವು ಆಬರ್ನ್‌ನಲ್ಲೋ ಕೋಲ್‌ಫ್ಯಾಕ್ಸ್‌ನಲ್ಲೋ ಕಾಫಿಗೆ ನಿಲ್ಲಿಸಿದಾಗಲೇ, ಒಣನೆಲದ ಮೇಲೆ, ಎರಡೂ ಹಬ್ ಲಾಕ್ ಮಾಡಿಬಿಡುತ್ತೇವೆ. ಡಾನರ್ ಶಿಖರ 7,200 ಅಡಿಗೂ ಮೇಲೆ. ಹಿಮ ಸಿಕ್ಕಲ್ಲಿ ಒಳಗೆ ಕೂತೇ ಲಿವರ್ ಎಳೆದರಾಯಿತು.

ಕ್ಯಾಲ್‌ಟ್ರಾನ್ಸ್‌ನ ಚೈನ್ ನಿಯಮ ಗೊತ್ತಿರಲಿ. ಆರ್-2 ಬೋರ್ಡ್ ಬಿದ್ದಾಗ ನಾಲ್ಕೂ ಚಕ್ರಕ್ಕೆ ಸ್ನೋ ಟೈರಿರುವ ಫೋರ್-ವೀಲ್ ಡ್ರೈವ್ ಗಾಡಿಗಳು ಚೈನ್ ಕಟ್ಟಬೇಕಿಲ್ಲ, ಆದರೆ ಗಾಡಿಯಲ್ಲಿ ಇಟ್ಟುಕೊಂಡಿರಲೇಬೇಕು. ಆರ್-3 ಎಂದರೆ ಯಾರಿಗೂ ವಿನಾಯಿತಿ ಇಲ್ಲ, ಅಷ್ಟರಲ್ಲಿ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚಿರುತ್ತಾರೆ.

ನಿಮ್ಮದು ಇನ್ನೂ ಆಟೋಮ್ಯಾಟಿಕ್ ಹಬ್ಬೇ ಆಗಿದ್ದರೆ ಟಾಹೋಗೆ ಹೊರಡುವ ಮುನ್ನ ಒಂದು ಪರೀಕ್ಷೆ ಮಾಡಿ. ಮಣ್ಣುರಸ್ತೆಯಲ್ಲಿ ಫೋರ್ ಹೈನಲ್ಲಿ ಸ್ವಲ್ಪ ದೂರ ಓಡಿಸಿ, ಹಿಂದಕ್ಕೆ ತೆಗೆಯದೆ ಸಮತಟ್ಟಾದ ಕಡೆ ನಿಲ್ಲಿಸಿ ಎಂಜಿನ್ ಆರಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದಿನ ಒಂದೊಂದೇ ಚಕ್ರವನ್ನು ಜ್ಯಾಕ್‌ನಲ್ಲಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ ಕೈಯಿಂದ ತಿರುಗಿಸಲು ನೋಡಿ. ಲಾಕ್ ಆಗಿದ್ದರೆ ಒಳಗಿನ ಶಾಫ್ಟ್ ಹಿಡಿದುಕೊಂಡಿರುತ್ತದೆ, ಚಕ್ರ ಸಲೀಸಾಗಿ ಸುತ್ತುವುದಿಲ್ಲ. ಶಾಫ್ಟ್ ನಿಂತಲ್ಲೇ ನಿಂತು ಚಕ್ರವೊಂದೇ ಸರಾಗವಾಗಿ ಸುತ್ತಿದರೆ ಆ ಕಡೆಯ ಹಬ್ ಕಚ್ಚಿಲ್ಲ. ಮ್ಯಾನುಯಲ್ ಇರುವವರು ತಿಂಗಳಿಗೊಮ್ಮೆ, ಬೇಸಿಗೆಯಲ್ಲೂ, ಲಾಕ್ ಮಾಡಿ ಟೂ ಹೈನಲ್ಲೇ ಕೆಲವು ಮೈಲಿ ಓಡಿಸಿ, ಮುಂದಿನ ಡಿಫರೆನ್ಷಿಯಲ್ಲಿನ ಎಣ್ಣೆ ಎಲ್ಲ ಕಡೆ ಹರಿಯಲಿ. ಬಿಲ್ಲೆ ತಿರುಗಿಸಿದ ಮೇಲೆ ಗಾಡಿಯನ್ನು ಒಂದೆರಡು ಅಡಿ ಉರುಳಿಸಿದರೆ ಒಳಗಿನ ಹಲ್ಲುಗಳು ಪೂರ್ತಿ ಕೂರುತ್ತವೆ. ಆಮೇಲೆ ಇನ್ನೊಂದು ಕಡೆಗೂ ಹೋಗಿ, ಎರಡೂ ಬಿಲ್ಲೆ ಒಂದೇ ಗುರುತಿನಲ್ಲಿವೆಯೇ ಎಂದು ನೋಡಿಯೇ ಒಳಗೆ ಕೂತುಕೊಳ್ಳಿ.