ಬ್ರೇಕ್ ಒತ್ತಿದರೆ ದೀಪ ಆರುವುದೇಕೆ?

ರಾತ್ರಿ ಹೊತ್ತು ಹಳೆಯ ಕಾರೊಂದು ರಸ್ತೆಯಲ್ಲಿ ಹೋಗುತ್ತಿದೆ. ಹಿಂದಿನ ಎರಡೂ ಕೆಂಪು ದೀಪಗಳು ಚೆನ್ನಾಗಿಯೇ ಉರಿಯುತ್ತಿವೆ. ಡ್ರೈವರ್ ಬ್ರೇಕ್ ಒತ್ತುತ್ತಾನೆ. ಬಲಗಡೆಯ ದೀಪ ಇನ್ನಷ್ಟು ಪ್ರಖರವಾಗುತ್ತದೆ, ಎಡಗಡೆಯದು ಆರಿಯೇ ಹೋಗುತ್ತದೆ. ಬ್ರೇಕಿನಿಂದ ಕಾಲು ತೆಗೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಉರಿಯುತ್ತದೆ. ಬಲ್ಬು ಬದಲಿಸಿದರೂ ಹೀಗೆಯೇ, ಬ್ರೇಕ್ ಸ್ವಿಚ್ ಬದಲಿಸಿದರೂ ಹೀಗೆಯೇ.

ಕಾರಿನಲ್ಲಿ ಮನೆಯ ಹಾಗೆ ಒಂದೊಂದು ದೀಪಕ್ಕೆ ಎರಡೆರಡು ತಂತಿ ಇರುವುದಿಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ತಂತಿಯಲ್ಲಿ ದೀಪದವರೆಗೆ ಬರುತ್ತದೆ. ವಾಪಸು ಹೋಗುವುದು ಕಾರಿನ ಉಕ್ಕಿನ ಬಾಡಿಯ ಮೂಲಕ. ಮೆಕ್ಯಾನಿಕ್‌ಗಳು ಇದನ್ನೇ ಅರ್ತ್ ಎನ್ನುತ್ತಾರೆ. ಹಿಂದಿನ ಬಲ್ಬಿನೊಳಗೆ ಎರಡು ತಂತುಗಳಿರುತ್ತವೆ: ರಾತ್ರಿಯ ದೀಪಕ್ಕೆ 5 ವ್ಯಾಟಿನದು, ಬ್ರೇಕಿಗೆ 21 ವ್ಯಾಟಿನದು. ಎರಡಕ್ಕೂ ಅರ್ತ್ ಒಂದೇ, ಬಲ್ಬಿನ ಹಿತ್ತಾಳೆ ಕವಚ. ಎಡಗಡೆಯ ಹೋಲ್ಡರ್ ತುಕ್ಕು ಹಿಡಿದು ಆ ಅರ್ತ್ ಕಡಿದುಹೋಯಿತೆನ್ನಿ. 5 ವ್ಯಾಟಿನ ತಂತುವಿನ ಕರೆಂಟು ಸುಮ್ಮನಿರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಪಕ್ಕದ 21 ವ್ಯಾಟಿನ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಬ್ರೇಕ್ ತಂತಿಯಲ್ಲಿ ಹಾದು, ಬಲಗಡೆಯ ಬ್ರೇಕ್ ಬಲ್ಬಿನ ಮೂಲಕ ಬಾಡಿ ಸೇರುತ್ತದೆ. ದಪ್ಪ ತಂತುಗಳ ರೋಧ ಕಡಿಮೆಯಾದ್ದರಿಂದ ಅವು ಹೊಳೆಯುವುದೇ ಇಲ್ಲ. 5 ವ್ಯಾಟಿನದು ಮಾತ್ರ ಹೆಚ್ಚುಕಮ್ಮಿ ಪೂರ್ತಿ ಬೆಳಕು ಕೊಡುತ್ತದೆ. ಬ್ರೇಕ್ ಒತ್ತಿದ ಕ್ಷಣ ಆ ಕಳ್ಳದಾರಿಯ ನಡುವಿನ ಬ್ರೇಕ್ ತಂತಿಗೂ 12 ವೋಲ್ಟ್ ಬಂದು ನಿಲ್ಲುತ್ತದೆ. ಎಡಗಡೆಯ ಬಲ್ಬಿನ ಒಂದು ತುದಿಯಲ್ಲಿ 12, ಇನ್ನೊಂದು ತುದಿಯಲ್ಲಿಯೂ 12. ನಡುವೆ ವ್ಯತ್ಯಾಸವೇ ಇಲ್ಲದ ಮೇಲೆ ಕರೆಂಟು ಹರಿಯುವುದಾದರೂ ಹೇಗೆ?

ವೋಲ್ಟ್ ಎಂಬುದು ಒಂದು ಜಾಗದಲ್ಲಿ ಇರುವ ವಸ್ತುವಲ್ಲ, ಎರಡು ಜಾಗಗಳ ನಡುವಿನ ಅಂತರ. ಹಳೆಯ ಕಾರಿನ ವಿದ್ಯುತ್ ದೋಷಗಳಲ್ಲಿ ಬಹಳಷ್ಟು ಇಷ್ಟನ್ನು ಬಿಗಿಯಾಗಿ ಹಿಡಿದುಕೊಂಡರೆ ಬಿಡಿಸಿಕೊಳ್ಳುತ್ತವೆ.

ಬ್ರಿಟಿಷ್ ಕಾರುಗಳನ್ನು ಸಾಕುವವರಲ್ಲಿ ಜೋಸೆಫ್ ಲೂಕಾಸ್‌ಗೆ 'ಕತ್ತಲ ರಾಜಕುಮಾರ' ಎಂಬ ಅಡ್ಡಹೆಸರಿದೆ. ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ಸೀಮೆಎಣ್ಣೆ ಮಾರುತ್ತಿದ್ದ ಈತ 19ನೇ ಶತಮಾನದಲ್ಲಿ ಲಾಂದ್ರಗಳ ತಯಾರಿಕೆಗೆ ಇಳಿದವನು. ಅವನು ಕಟ್ಟಿದ ಕಂಪನಿ ಮುಂದೆ ಮಾರಿಸ್, ಆಸ್ಟಿನ್, ಎಂಜಿ ಕಾರುಗಳಿಗೆಲ್ಲ ಡೈನಮೋ, ಸ್ವಿಚ್ಚು, ದೀಪ ಪೂರೈಸಿತು. ಉತ್ತರಪಾಡಾದ ಕಾರ್ಖಾನೆಯಿಂದ 2014ರವರೆಗೂ ಹೊರಬರುತ್ತಿದ್ದ ಅಂಬಾಸಿಡರ್ ಮೂಲತಃ ಮೂರನೇ ಸರಣಿಯ ಮಾರಿಸ್ ಆಕ್ಸ್‌ಫರ್ಡ್. ಲೂಕಾಸ್ 1961ರಲ್ಲಿ ಟಿವಿಎಸ್ ಜೊತೆ ಸೇರಿ ಮದ್ರಾಸಿನಲ್ಲಿಯೇ ನೆಲೆ ಮಾಡಿದ್ದರಿಂದ ನಮ್ಮ ಆಟೋ ಎಲೆಕ್ಟ್ರಿಷಿಯನ್‌ಗಳಿಗೂ ಅದು ಮನೆಮಾತು. ಆದರೆ ಆ ಅಡ್ಡಹೆಸರು ಬಹುಮಟ್ಟಿಗೆ ಅನ್ಯಾಯದ್ದು. ಅರವತ್ತು ಮಳೆಗಾಲ ಕಂಡ ಕಾರಿನಲ್ಲಿ ಕೈಕೊಡುವುದು ಹೆಚ್ಚಾಗಿ ಯಂತ್ರಗಳಲ್ಲ, ಅವುಗಳ ನಡುವಿನ ಕೂಡುಗಳು. ಹಿತ್ತಾಳೆಯ ಗುಂಡು ತುದಿಗಳನ್ನು ರಬ್ಬರ್ ತೋಳಿನೊಳಗೆ ಒತ್ತಿ ಕೂರಿಸುವುದು ಆ ಕಾಲದ ರೂಢಿ. ರಬ್ಬರ್ ಬಿರಿದು ತೇವ ಒಳಹೋದರೆ ಹಿತ್ತಾಳೆಗೆ ಹಸಿರು ಕಿಲುಬು, ಬಾಡಿಗೆ ಬಿಗಿದ ಸ್ಕ್ರೂವಿನ ಅಡಿಗೆ ಕೆಂಪು ತುಕ್ಕು. ಮೇಲೆ ಹೊಸ ಪೇಂಟ್ ಹೊಡೆಸಿದರೆ ಅರ್ತ್ ಇನ್ನಷ್ಟು ಕೆಡುತ್ತದೆ, ಪೇಂಟಿನಲ್ಲಿ ಕರೆಂಟು ಹರಿಯುವುದಿಲ್ಲ.

ಈ ತುಕ್ಕು ಎಷ್ಟು ಹಾನಿ ಮಾಡೀತು? 12 ವೋಲ್ಟಿನ, 45 ವ್ಯಾಟಿನ ಹೆಡ್‌ಲೈಟಿಗೆ 3.75 ಆಂಪಿಯರ್ ಬೇಕು. ಉರಿಯುವಾಗ ಅದರ ರೋಧ 3.2 ಓಮ್. ಅರ್ತ್ ಸ್ಕ್ರೂವಿನ ತುಕ್ಕು ಇದಕ್ಕೆ ಅರ್ಧ ಓಮ್ ಸೇರಿಸಿತೆನ್ನಿ. ಬಲ್ಬಿಗೆ ಸಿಗುವುದು ಸುಮಾರು 10.4 ವೋಲ್ಟ್, ಉಳಿದ 1.6 ವೋಲ್ಟ್ ತುಕ್ಕನ್ನು ಬಿಸಿ ಮಾಡುವುದರಲ್ಲಿ ವ್ಯರ್ಥ. ಬಲ್ಬಿನ ಬೆಳಕು ವೋಲ್ಟಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ ರಸ್ತೆಗೆ ಬೀಳುವುದು ಐದರಲ್ಲಿ ಮೂರು ಪಾಲು ಬೆಳಕು ಮಾತ್ರ. ಮಂಕು ದೀಪಕ್ಕೆ ಮದ್ದೆಂದು ಎಷ್ಟೋ ಜನ 100 ವ್ಯಾಟಿನ ಹ್ಯಾಲೊಜನ್ ಹಾಕಿಸುತ್ತಾರೆ. ಆಗ ಕರೆಂಟು ದುಪ್ಪಟ್ಟಿಗಿಂತ ಹೆಚ್ಚಾಗಿ, ರಿಲೇ ಇಲ್ಲದ ಹಳೆಯ ಸ್ವಿಚ್ಚು ಸುಡುತ್ತದೆ, ತುಕ್ಕು ಹಿಡಿದ ಕೂಡಿನಲ್ಲಿ ನಷ್ಟ ಇನ್ನೂ ಹೆಚ್ಚುತ್ತದೆ. ಸ್ಕ್ರೂ ಬಿಚ್ಚಿ, ಎಮೆರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ತಿಕ್ಕಿ, ಮತ್ತೆ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ಅದೇ 45 ವ್ಯಾಟ್ ಸಾಕಾಗುತ್ತದೆ.

ಮಲ್ಟಿಮೀಟರ್ ಮೋಸ ಮಾಡುವುದೂ ಇಲ್ಲಿಯೇ. ಬಲ್ಬು ಬಿಚ್ಚಿ ತಂತಿಯ ತುದಿಗೆ ಮೀಟರ್ ಹಿಡಿದರೆ ಭರ್ತಿ 12 ವೋಲ್ಟ್ ತೋರಿಸುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಮೀಟರ್ ಎಳೆಯುವ ಕರೆಂಟು ತೀರ ಅತ್ಯಲ್ಪ. ಆದ್ದರಿಂದ ಹತ್ತು ಎಳೆಗಳಲ್ಲಿ ಒಂಬತ್ತು ಕಡಿದ ತಂತಿಯೂ ಅದಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಅದಕ್ಕೇ ಪಳಗಿದ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೊದಲು ಬರುವುದು ಬಲ್ಬು ಕಟ್ಟಿದ ಟೆಸ್ಟ್ ಲ್ಯಾಂಪ್. ಮೀಟರನ್ನೇ ಬಳಸುವುದಾದರೆ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಒಂದು ಕಡ್ಡಿ ಬ್ಯಾಟರಿಯ ಅರ್ತ್ ಕಂಬಕ್ಕೆ, ಇನ್ನೊಂದು ಹೋಲ್ಡರಿನ ಲೋಹಕ್ಕೆ. 0.2 ವೋಲ್ಟಿನ ಒಳಗಿದ್ದರೆ ಅರ್ತ್ ಆರೋಗ್ಯವಾಗಿದೆ. 1.6 ಬಂದರೆ ಕಳ್ಳ ಆ ಎರಡು ಕಡ್ಡಿಗಳ ನಡುವೆಯೇ ಇದ್ದಾನೆ. ಕಡ್ಡಿಯನ್ನು ಒಂದೊಂದೇ ಕೂಡಿನಾಚೆ ಸರಿಸುತ್ತ ಹೋದರೆ ಅಂಕಿ ತಟ್ಟನೆ ಇಳಿಯುವ ಜಾಗದಲ್ಲಿ ಅವನು ಸಿಕ್ಕಿಬೀಳುತ್ತಾನೆ.

ಸೆಲ್ಫ್ ವಿಷಯದಲ್ಲಂತೂ ಬೇರೆ ದಾರಿಯೇ ಇಲ್ಲ. ಅದು ಎಂಜಿನ್ ತಿರುಗಿಸುವಾಗ 150 ಆಂಪಿಯರ್‌ನಷ್ಟು ಎಳೆಯಬಹುದು. ದಾರಿಯಲ್ಲಿ ಓಮಿನ ನೂರರಲ್ಲಿ ಎರಡು ಭಾಗದಷ್ಟು ರೋಧವಿದ್ದರೂ 3 ವೋಲ್ಟ್ ಮಾಯವಾಗುತ್ತದೆ, ಅಷ್ಟು ಸಣ್ಣ ರೋಧವನ್ನು ಸಾಮಾನ್ಯ ಮೀಟರ್ ನೇರವಾಗಿ ಅಳೆಯಲಾರದು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅದನ್ನು ಬಾಡಿಗೆ ಜೋಡಿಸುವ ಹೆಣೆದ ತಾಮ್ರದ ಪಟ್ಟಿಯೊಂದು ಇರುತ್ತದೆ. ಕ್ಲಚ್ ಕೆಲಸ ಮಾಡಿದವರು ಅದನ್ನು ವಾಪಸು ಹಾಕಲು ಮರೆತರೆ ಸೆಲ್ಫಿನ ಅಷ್ಟೂ ಕರೆಂಟು ಚೋಕ್ ಕೇಬಲ್ ಅಥವಾ ಆಕ್ಸಿಲರೇಟರ್ ಕೇಬಲ್ ಹಿಡಿದು ಹೋಗುತ್ತದೆ. ಕೀ ತಿರುಗಿಸಿದಾಗ ಚೋಕ್ ಕೇಬಲಿನಿಂದ ಹೊಗೆ ಬಂದರೆ ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮುನ್ನ ಆ ಪಟ್ಟಿಯನ್ನು ಹುಡುಕಬೇಕು.

ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪವೂ ಬ್ರೇಕ್ ದೀಪದ ಲೆಕ್ಕದಲ್ಲಿಯೇ ಆರುವಂಥದ್ದು. ಅದರ ಒಂದು ತುದಿ ಇಗ್ನಿಷನ್ ಸ್ವಿಚ್ಚಿಗೆ, ಇನ್ನೊಂದು ಡೈನಮೋಗೆ. ಎಂಜಿನ್ ನಿಂತಿರುವಾಗ ಡೈನಮೋ ಬರೀ ಒಂದು ಅರ್ತ್, ಆಗ ದೀಪ ಉರಿಯುತ್ತದೆ. ಡೈನಮೋ ತಿರುಗಿ ಬ್ಯಾಟರಿಗೆ ಸಮನಾದಾಗ ಆರುತ್ತದೆ. ಆದ್ದರಿಂದ ಕೀ ತಿರುಗಿಸಿದಾಗ ದೀಪ ಬರದಿದ್ದರೆ ಬಲ್ಬು ಹೋಗಿರಬೇಕು, ಇಲ್ಲವೇ ಡೈನಮೋದ ಬ್ರಷ್ ಸವೆದಿರಬೇಕು. ವೇಗದಲ್ಲಿಯೂ ಮಿಣುಕುತ್ತಿದ್ದರೆ ಡೈನಮೋಗೂ ಬ್ಯಾಟರಿಗೂ ನಡುವೆ ಎಲ್ಲೋ ವೋಲ್ಟ್ ಸೋರುತ್ತಿದೆ, ಎರಡನ್ನೂ ಜೋಡಿಸುವ ಕಟೌಟ್ ಸ್ವಿಚ್ಚಿನ ಪಾಯಿಂಟುಗಳನ್ನು ಮೊದಲು ನೋಡಬೇಕು. ಟ್ರಾಫಿಕ್ಕಿನಲ್ಲಿ ನಿಂತಾಗ ದೀಪ ಮಿನುಗುವುದು ಮಾತ್ರ ದೋಷವಲ್ಲ. ಲೂಕಾಸ್ ಸಿ40 ಡೈನಮೋ ಗರಿಷ್ಠ ಕೊಡುವುದೇ 22 ಆಂಪಿಯರ್, ಐಡ್ಲಿಂಗ್‌ನಲ್ಲಿ ಅದರಿಂದ ಹೆಚ್ಚೇನೂ ಹುಟ್ಟುವುದಿಲ್ಲ.

ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಏಳದಿದ್ದರೆ ಹಳೆಯ ಕಾರಿನ ಮಾಲೀಕರಿಗೆ ಒಂದು ಅನುಕೂಲವಿದೆ. ಇಂದಿನ ಕಾರುಗಳಲ್ಲಿ ಕಂಪ್ಯೂಟರು, ಅಲಾರಂ ಸದಾ ಎಚ್ಚರವಾಗಿದ್ದು ಅಷ್ಟಿಷ್ಟು ಕರೆಂಟು ಕುಡಿಯುತ್ತಲೇ ಇರುತ್ತವೆ. ಹಳೆಯ ಅಂಬಾಸಿಡರಿನಲ್ಲಿ ಎಲ್ಲವನ್ನೂ ಆರಿಸಿದ ಮೇಲೆ ಹರಿವು ಸೊನ್ನೆಯಾಗಲೇಬೇಕು. ಬ್ಯಾಟರಿಯ ಕೇಬಲ್ ಬಿಚ್ಚಿ, ಕೇಬಲಿಗೂ ಕಂಬಕ್ಕೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದರೆ ಅದು ಉರಿಯಕೂಡದು. ಚೆನ್ನಾಗಿ ಉರಿದರೆ ದೊಡ್ಡ ಸೋರಿಕೆಯಿದೆ, ಅಲ್ಲಿಗೆ ಆಂಪಿಯರ್ ಮೀಟರ್ ಹಚ್ಚುವುದು ಅಪಾಯ. ಉರಿಯದಿದ್ದರೆ ಮಾತ್ರ ಮೀಟರ್ ಹಾಕಿ ಸಣ್ಣ ಸೋರಿಕೆ ಹುಡುಕಬಹುದು. ಡಿಕ್ಕಿಯೊಳಗೆ ಉರಿಯುತ್ತಲೇ ಉಳಿದ 5 ವ್ಯಾಟಿನ ದೀಪವೊಂದು 0.4 ಆಂಪಿಯರ್ ಎಳೆದು 40 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ನಾಲ್ಕು ದಿನಗಳಲ್ಲಿ ಬರಿದು ಮಾಡಬಲ್ಲದು.

ತಂತಿಗಳ ನಡುವೆ ದಾರಿ ತಪ್ಪದಿರಲು ಲೂಕಾಸ್ ಬಣ್ಣಗಳು ನೆರವಿಗೆ ಬರುತ್ತವೆ. ಕಂದು ಬ್ಯಾಟರಿಯಿಂದ ನೇರವಾಗಿ ಬರುವುದು, ಬಿಳಿ ಇಗ್ನಿಷನ್ ಕೀ ದಾಟಿ ಬರುವುದು, ಹಸಿರು ಅದೇ ಕೀ ದಾಟಿ ಫ್ಯೂಸನ್ನೂ ದಾಟಿ ಬರುವುದು, ಕಪ್ಪು ಅರ್ತ್. ಇಂಡಿಕೇಟರ್, ವೈಪರ್, ಪೆಟ್ರೋಲ್ ಮೀಟರ್ ಒಟ್ಟಿಗೆ ಸತ್ತರೆ ಮೂರನ್ನೂ ಬಿಚ್ಚುವುದು ವ್ಯರ್ಥ ಶ್ರಮ. ಮೂರಕ್ಕೂ ಸಮಾನವಾದ ಹಸಿರು ತಂತಿಯ ಫ್ಯೂಸನ್ನು ನೋಡಿದರೆ ಸಾಕು. ಯಾವ ಕೆಲಸಕ್ಕೂ ಮುಂಚೆ ಬ್ಯಾಟರಿಯ ಯಾವ ಕಂಬ ಬಾಡಿಗೆ ಕಟ್ಟಿದೆ ಎಂದು ನೋಡಿಕೊಳ್ಳುವುದೂ ಅಗತ್ಯ. ಮಾರಿಸ್ ಆಕ್ಸ್‌ಫರ್ಡಿನಲ್ಲಿ ಪಾಸಿಟಿವ್ ಕಂಬವೇ ಅರ್ತ್. ಎಂಜಿಬಿ ಕಾರು 1967ರಲ್ಲಿ ಆಲ್ಟರ್ನೇಟರ್ ಪಡೆದಾಗಲಷ್ಟೇ ನೆಗೆಟಿವ್ ಅರ್ತ್‌ಗೆ ಬದಲಾಯಿತು. ತಿರುಗುಮುರುಗಾಗಿ ಕಟ್ಟಿದರೆ ಬಲ್ಬುಗಳಿಗೆ ಏನೂ ಆಗದು, ಆಲ್ಟರ್ನೇಟರಿನ ಡಯೋಡುಗಳು ಮಾತ್ರ ಕ್ಷಣದಲ್ಲಿ ಸುಡುತ್ತವೆ.

ಫ್ಯೂಸಿನ ಅಂಕಿಯಲ್ಲಿ ಇನ್ನೊಂದು ಅಪಾಯ ಅಡಗಿದೆ. ಹಳೆಯ ಲೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು 35 ಆಂಪಿಯರಿಗೆ ಕರಗುತ್ತದೆ ಎಂದರ್ಥ, ಸತತವಾಗಿ ತಾಳುವುದು 17 ಮಾತ್ರ. ಈಗಿನ ಬ್ಲೇಡ್ ಫ್ಯೂಸುಗಳ ಮೇಲಿರುವುದು ಸತತವಾಗಿ ತಾಳುವ ಅಂಕಿ. 35ರ ಜಾಗಕ್ಕೆ ಹೊಸ 35ನ್ನೇ ಹಾಕಿದರೆ ಫ್ಯೂಸಿಗಿಂತ ಮೊದಲು ತಂತಿಯೇ ಬೇಯುತ್ತದೆ. ಅಲ್ಲಿಗೆ ಸರಿಹೊಂದುವುದು 15 ಅಥವಾ 17ರದು. ಕಂದು ಮತ್ತು ಬಿಳಿ ತಂತಿಗಳಿಗೆ, ಹೆಡ್‌ಲೈಟಿನ ನೀಲಿ ತಂತಿಗಳಿಗೆ ಈ ಕಾರುಗಳಲ್ಲಿ ಹೆಚ್ಚಾಗಿ ಫ್ಯೂಸೇ ಇಲ್ಲ. ಅವು ಬಾಡಿಗೆ ತಾಗಿದರೆ ತಡೆಯುವವರು ಯಾರೂ ಇರುವುದಿಲ್ಲವಾದ್ದರಿಂದ ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕುವ ಮುನ್ನ ಬ್ಯಾಟರಿಯ ಅರ್ತ್ ಕೇಬಲನ್ನು ಬಿಚ್ಚಿಡಬೇಕು.