ದ್ರೋಹಘರಟ್ಟ ಗಂಗರಾಜ: ಒಬ್ಬ ಹೊಯ್ಸಳ ದಂಡನಾಯಕನ ವೃತ್ತಾಂತ

ಹುಲಿಕೆರೆಯ ಪುಷ್ಕರಿಣಿಯನ್ನು ನೋಡಬಂದ ಯಾತ್ರಿಕರಲ್ಲಿ ಅನೇಕರು ಸಮೀಪದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೂ ಹೋಗುವುದುಂಟು. ಅಲ್ಲಿನ ನುಣುಪಾದ ಕಂಬಗಳನ್ನು ಮೆಚ್ಚಿ ಹಿಂದಿರುಗುವವರಿಗೆ, ಆ ಬಸದಿಯು ಮೂಲತಃ ಒಬ್ಬ ಸೇನಾಪತಿಯ ಸ್ಮಾರಕವೆಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಆತನೇ ವಿಷ್ಣುವರ್ಧನನ ಮಹಾಪ್ರಧಾನ ದಂಡನಾಯಕ ಗಂಗರಾಜ.

ಗಂಗರಾಜನು ಕೌಂಡಿನ್ಯ ಗೋತ್ರದವನು. ಏಚಿರಾಜ ಮತ್ತು ಪೋಚಿಕಬ್ಬೆಯರ ಮಗ. ಶುಭಚಂದ್ರ ಸಿದ್ಧಾಂತದೇವರು ಅವನ ಗುರುಗಳು. ಶ್ರವಣಬೆಳಗೊಳದ ಶಾಸನಗಳು ಅವನ ಯುದ್ಧಗಳನ್ನೂ ಧರ್ಮಕಾರ್ಯಗಳನ್ನೂ ಒಟ್ಟಿಗೆ ಬಣ್ಣಿಸುತ್ತವೆ.

ಅವನ ಕೀರ್ತಿಗೆ ಮೂಲವಾದದ್ದು ಕ್ರಿ. ಶ. 1116ರ ತಲಕಾಡಿನ ವಿಜಯ. ಗಂಗವಾಡಿಯು ಆ ವೇಳೆಗೆ ಒಂದು ಶತಮಾನಕ್ಕೂ ಮಿಗಿಲಾಗಿ ಚೋಳರ ವಶದಲ್ಲಿತ್ತು. ಚೋಳ ಸಾಮಂತನಾದ ಅದಿಯಮನು ನಾಡನ್ನು ಒಪ್ಪಿಸಲು ನಿರಾಕರಿಸಲಾಗಿ, ಗಂಗರಾಜನು ಅವನನ್ನು ಸೋಲಿಸಿ ಓಡಿಸಿದನು. ‘ತಲಕಾಡುಗೊಂಡ’ ಎಂಬ ಬಿರುದು ಅರಸನಿಗೆ ಸಂದಿತು. ಆದರೆ ಕದನವನ್ನು ನಡೆಸಿದವನು ದಂಡನಾಯಕನೆಂಬುದನ್ನು ಶಾಸನಗಳು ಮರೆಮಾಡಿಲ್ಲ.

ಎರಡನೆಯದು ಕಣ್ಣೆಗಾಲದ ಕದನ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೈನ್ಯವು ಹನ್ನೆರಡು ಮಂದಿ ಸಾಮಂತರೊಡನೆ ಅಲ್ಲಿ ಬೀಡುಬಿಟ್ಟಿದ್ದಿತು. ಗಂಗರಾಜನು ರಾತ್ರಿಯಲ್ಲಿ ಕುದುರೆಯೇರಿ ಪಾಳೆಯದ ಮೇಲೆ ಬಿದ್ದು ಅದನ್ನು ಚೆದರಿಸಿ, ಶತ್ರುಗಳ ವಸ್ತುವಾಹನಗಳನ್ನು ತಂದು ಒಡೆಯನಿಗೆ ಒಪ್ಪಿಸಿದನು.

ಇಲ್ಲಿ ಒಂದು ಅಂಶವು ವಿಚಾರಾರ್ಹವಾಗಿದೆ. ಗಂಗರಾಜನ ಬಿರುದುಗಳಲ್ಲಿ ಪ್ರಸಿದ್ಧವಾದದ್ದು ‘ದ್ರೋಹಘರಟ್ಟ’, ಅಂದರೆ ದ್ರೋಹಿಗಳಿಗೆ ಬೀಸುವ ಕಲ್ಲಾದವನು. ಆದರೆ ಹೊಯ್ಸಳರು ಚಾಲುಕ್ಯರಿಗೆ ಸಾಮಂತರಾಗಿದ್ದವರು. ಕಲ್ಯಾಣದ ದೃಷ್ಟಿಯಲ್ಲಿ ಕಣ್ಣೆಗಾಲದ ದಾಳಿಯೇ ದ್ರೋಹ. ದೋರಸಮುದ್ರದ ದೃಷ್ಟಿಯಲ್ಲಿ ಅದು ಸ್ವಾಮಿಭಕ್ತಿ. ಆದುದರಿಂದ ಇಂತಹ ಬಿರುದನ್ನು ವ್ಯಕ್ತಿಯ ಗುಣಕ್ಕೆ ಸಾಕ್ಷಿಯೆಂದು ಮಾತ್ರ ತಿಳಿಯಲಾಗದು. ಅದು ಯಾರ ಆಸ್ಥಾನದಲ್ಲಿ ಹುಟ್ಟಿತೆಂಬುದನ್ನೂ ಇತಿಹಾಸಕಾರನು ಕೇಳಬೇಕು.

ಬಿರುದಿಗಿಂತ ಹೆಚ್ಚು ನಂಬಬಹುದಾದ ಸಾಕ್ಷ್ಯವು ಅವನು ಬೇಡಿದ ವರದಲ್ಲಿದೆ. ಮೆಚ್ಚಿದ ಅರಸನು ಬೇಕಾದುದನ್ನು ಕೇಳೆನ್ನಲು, ಅವನು ಪರಮ ಎಂಬ ಗ್ರಾಮವನ್ನು ಪಡೆದು ತಾಯಿಯೂ ಹೆಂಡತಿಯೂ ಮಾಡಿಸಿದ ಜಿನಾಲಯಗಳಿಗೆ 1118ರಲ್ಲಿ ದತ್ತಿಯಾಗಿ ಬಿಟ್ಟನು. ಗೊಮ್ಮಟನ ಸುತ್ತಾಲಯವನ್ನು ಮಾಡಿಸಿದವನೂ ಅವನೇ. ಗಂಗವಾಡಿಯ ಹಾಳುಬಿದ್ದ ಬಸದಿಗಳನ್ನು ಅವನು ಜೀರ್ಣೋದ್ಧಾರಗೊಳಿಸಿದನೆಂದೂ ಶಾಸನಗಳು ಹೇಳುತ್ತವೆ. ಇದರಲ್ಲಿ ಹೊಗಳಿಕೆಯ ಅತಿಶಯವಿರಬಹುದು. ಆದರೆ ಕಟ್ಟಡಗಳು ಇಂದಿಗೂ ನಿಂತಿವೆ. ತಾಯಿ ಪೋಚಿಕಬ್ಬೆಯೂ ಪತ್ನಿ ಲಕ್ಷ್ಮಿಯೂ ತೀರಿಕೊಂಡಾಗ, ಇಬ್ಬರಿಗೂ ಬೆಳಗೊಳದಲ್ಲಿ ಶಾಸನಗಳನ್ನು ನಿಲ್ಲಿಸಿದನು.

1133ರಲ್ಲಿ ಗಂಗರಾಜನು ತೀರಿಕೊಂಡನು. ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ ಬಸದಿಯನ್ನು ಕಟ್ಟಿಸಿ, ತಂದೆಯ ಬಿರುದಿನಿಂದಲೇ ಅದನ್ನು ‘ದ್ರೋಹಘರಟ್ಟ ಜಿನಾಲಯ’ವೆಂದು ಕರೆದನು. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಒಯ್ದರು. ಅದೇ ಸಮಯದಲ್ಲಿ ಅರಸನು ಮಸಣನೆಂಬವನನ್ನು ಗೆದ್ದಿದ್ದನು, ರಾಜಕುಮಾರನೂ ಜನಿಸಿದ್ದನು. ಹರ್ಷಗೊಂಡ ಅರಸನು ದೇವರಿಗೆ ‘ವಿಜಯಪಾರ್ಶ್ವ’ನೆಂದೂ ಮಗನಿಗೆ ‘ವಿಜಯನರಸಿಂಹ’ನೆಂದೂ ಹೆಸರಿಟ್ಟು, ಜಾವಗಲ್ಲನ್ನು ದತ್ತಿಯಾಗಿ ಕೊಟ್ಟನು.

ಹೀಗೆ ಮಗನು ತಂದೆಗಾಗಿ ಎತ್ತಿಸಿದ ಸ್ಮಾರಕವು ಪ್ರತಿಷ್ಠೆಯ ದಿನಗಳಲ್ಲಿಯೇ ಅರಸನ ವಿಜಯದ ಗುರುತೂ ಆಯಿತು. ಕಾಲಕ್ರಮದಲ್ಲಿ ಆ ಎರಡು ಹೆಸರುಗಳೂ ಬಳಕೆಯಿಂದ ಅಳಿದು, ಬಸದಿಯು ಬರಿಯ ಪಾರ್ಶ್ವನಾಥನ ಬಸದಿಯಾಗಿ ಉಳಿದಿದೆ. ತಲಕಾಡನ್ನು ಗೆದ್ದವನ ಬಿರುದನ್ನು ಇಂದು ಕಾಪಾಡಿರುವುದು ಜನರ ನಾಲಗೆಯಲ್ಲ, ಬಸದಿಯ ಶಾಸನ. ನಮ್ಮ ಊರುಗಳ ಶಾಸನಗಳನ್ನು ಮಳೆಬಿಸಿಲುಗಳಿಂದ ರಕ್ಷಿಸಿ ಓದಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.